ದಸ್ತಗೀರನ ಅಂಗಡಿಯಲ್ಲಿ ನಾನಾಡಿದ ಆಸ್ಟ್ರೇಲಿಯಾ

ಮೊನ್ನೆ ಒಂದು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಇಲ್ಲಿಯ ಸಣ್ಣ ಅಂಗಡಿಯೊಂದಕ್ಕೆ ಹೋಗಿದ್ದೆ. ಇಲ್ಲಿ ಅಂದರೆ ಆಸ್ಟ್ರೇಲಿಯಾದಲ್ಲಿ, ಮೆಲ್ಬರ್ನಿನಿಂದ ಎರಡೂವರೆ ತಾಸು ದೂರದ, ಪೀಚ್ ಮತ್ತು ಪಿಯರ್ ತೋಟಗಳ ನಡುವಿನ ಊರಿನಲ್ಲಿ. ಅಂಗಡಿಯ ವಿಯೆಟ್ನಾಮಿ ಹೆಂಗಸು ಹೊಲಿದ ಅಂಚಿನ ಮೇಲೆ ನೀರು ಚಿಮುಕಿಸಿ ಬಿಸಿ ಇಸ್ತ್ರಿ ಒತ್ತಿದಳು. ಹಸಿ ಬಟ್ಟೆಯಿಂದ ಹಬೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪ್ಯಾಂಟನ್ನು ಬಗಲಿಗೆ ಸೇರಿಸಿ ಬೇಗ ಹೊರಗೆ ಬಂದುಬಿಟ್ಟೆ. ಅದು ಚಿಕ್ಕೋಡಿ ಕಡೆಯ ನಮ್ಮೂರು ಏಕಸಂಬಿಯ ದಸ್ತಗೀರನ ಅಂಗಡಿಯ ವಾಸನೆ. ಎರಡು ವರ್ಷದ ಹಿಂದಿನ ಮಳೆಗಾಲದ್ದು.

ಆ ಮಳೆಗಾಲದ ಕಥೆಯನ್ನು ನಾನು ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಹೆಂಡತಿಗೆ ಹೇಳಿದ್ದರಲ್ಲೂ ಒಂದು ಸುಳ್ಳು ಸೇರಿದೆ. ಅದನ್ನು ತೆಗೆದು ಈಗ ಬರೆಯುತ್ತಿದ್ದೇನೆ.

ಹದಿನಾಲ್ಕು ವರ್ಷದಿಂದ ನಾನು ಇಲ್ಲಿಯ ಹಣ್ಣಿನ ಶೆಡ್ಡಿನಲ್ಲಿ ಡಬ್ಬಿ ಎತ್ತಿ ಇಳಿಸುವ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಚಳಿಗಾಲದಲ್ಲಿ ಶೆಡ್ಡಿಗೆ ಕೆಲಸ ಕಡಿಮೆ. ರಜೆ ಕೂಡಿಸಿಟ್ಟುಕೊಂಡು ಮೂರು ವರ್ಷಕ್ಕೊಮ್ಮೆ ಊರಿಗೆ ಹೋಗುತ್ತೇನೆ. ಇಲ್ಲಿಯ ಚಳಿಗಾಲವೆಂದರೆ ಅಲ್ಲಿಯ ಮಳೆಗಾಲ. ಏಕಸಂಬಿಯಲ್ಲಿ ನಮ್ಮದು ಜೈನ ಪಾಟೀಲರ ದೊಡ್ಡ ಮನೆ, ದೂಧಗಂಗೆ ಹೊಳೆಯ ಕಡೆಗೆ ಕಬ್ಬಿನ ಹೊಲ. ರಸ್ತೆಗೆ ಮುಖ ಮಾಡಿ ಬಾಡಿಗೆಗೆ ಕೊಟ್ಟ ಐದು ಅಂಗಡಿಗಳಿವೆ. ನಮ್ಮ ಕಡೆ ಅವಕ್ಕೆ ಗಾಳಾ ಅನ್ನುತ್ತಾರೆ. ಎಲ್ಲವನ್ನೂ ನೋಡಿಕೊಳ್ಳುವವನು ಅಣ್ಣ. ಅವನ ಸಂಸಾರ, ಅವ್ವ, ಆಳುಕಾಳು ಅಂತ ಮನೆ ಯಾವಾಗಲೂ ಗಿಜಿಗುಡುತ್ತಿರುತ್ತದೆ. ಆ ಗದ್ದಲದಲ್ಲಿ ಆಸ್ಟ್ರೇಲಿಯಾದಿಂದ ಬಂದ ತಮ್ಮನಿಗೆ ಎರಡು ದಿನ ಮಾತ್ರ ಮರ್ಯಾದೆ. ಮೂರನೇ ದಿನದಿಂದ ನಾನು ಬೆಳಗಿನ ಚಹಾ ಕುಡಿದು ಮೂರನೇ ಗಾಳಾಕ್ಕೆ ಹೋಗಿ ಕೂಡುತ್ತಿದ್ದೆ. ಅದು ದಸ್ತಗೀರನ ಟೇಲರಿಂಗ್ ಅಂಗಡಿ. ಅವನ ಅಪ್ಪನ ಕಾಲದಿಂದಲೂ ಅವರೇ ಇದ್ದಾರೆ. ನನ್ನ ಮೊದಲ ಫುಲ್ ಪ್ಯಾಂಟು ಹೊಲಿದದ್ದು ಅವನಪ್ಪ. ಒಂದನೇ ಇಯತ್ತೆಯಿಂದ ಹತ್ತನೇವರೆಗೆ ಒಂದೇ ಬೆಂಚಿನ ಮೇಲೆ ನನ್ನ ಪಕ್ಕ ಕೂತವನು ಅವನು.

ಜೂನ್ ಅಂದರೆ ಸಾಲಿ ಯೂನಿಫಾರ್ಮಿನ ಕಾಲ. ಕರೋಶಿಯಿಂದಲೂ ಅವನ ಹತ್ತಿರ ಬಟ್ಟೆ ಬರುತ್ತಿತ್ತು. ನೀಲಿ, ಬಿಳಿ ಬಟ್ಟೆಯ ಗಂಟುಗಳು ಗೋಡೆಯುದ್ದಕ್ಕೂ ಎದೆಮಟ್ಟ. ಪ್ರತಿ ಗಂಟಿಗೂ ಮಗುವಿನ ಹೆಸರು, ಇಯತ್ತೆ, ಅಳತೆ ಬರೆದ ಚೀಟಿ. ಅವನು ಹೊಲಿಯುತ್ತಿದ್ದ, ನಾನು ಮಾತಾಡುತ್ತಿದ್ದೆ.

ಒಂದು ವಿಷಯ ಒಪ್ಪಿಕೊಳ್ಳಬೇಕು. ಇಲ್ಲಿ ಆಸ್ಟ್ರೇಲಿಯಾದಲ್ಲಿ ನನಗೆ ಯಾವ ಅಭಿಪ್ರಾಯವೂ ಇಲ್ಲ. ಫೋರ್ಕ್‌ಲಿಫ್ಟಿನ ಮೇಲೆ ಕೂತವನನ್ನು ರಾಜಕೀಯದ ಬಗ್ಗೆ ಯಾರೂ ಕೇಳುವುದಿಲ್ಲ. ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಊರಿಗೆ ಬಂದಕೂಡಲೇ ಪಂಡಿತನಾಗುತ್ತಿದ್ದೆ. ಕೇಳುವವರೂ ಇದ್ದರು. ಚಹಾ ಕುಡಿಯಲು ಬಂದವರು, ಬಟ್ಟೆ ಕೊಡಲು ಬಂದವರು, ಮಳೆಗೆ ನಿಂತವರು.

"ಬಾಳ್ಯಾ, ಅಲ್ಲಿ ಓಟ ಹಾಕ್ಲಿಲ್ಲಂದ್ರ ದಂಡ ಅಂತಲ್ಲೋ, ಖರೇನು?" ಅಂತ ದಸ್ತಗೀರನೇ ಶುರು ಮಾಡಿಕೊಡುತ್ತಿದ್ದ.

"ಖರೇ. ಮನಿಗೇ ನೋಟೀಸ್ ಬರತೈತಿ. ಶನಿವಾರ ಸಾಲ್ಯಾಗ ಓಟ. ಹಾಕಿ ಹೊರಗ ಬಂದ್ರ ಬ್ರೆಡ್ಡಿನ್ಯಾಗ ಮಾಂಸದ ಸುರಳಿ ಇಟ್ಟು ಮಾರ್ತಿರ್ತಾರ. ಅದನ್ನ ತಿನಕೋತ ಮನಿಗೆ ಹೋಗ್ತಾರ. ಪಟಾಕಿ ಇಲ್ಲ, ಗುಲಾಲ ಇಲ್ಲ, ಮೆರವಣಿಗಿ ಇಲ್ಲ."

"ಗುಲಾಲ ಇಲ್ದ ಅದೆಂಥಾ ಎಲೆಕ್ಷನ್ನೋ!"

"ಮಂತ್ರಿ ಚಡ್ಡಿ ಹಾಕ್ಕೊಂಡು ಕಾಯಿಪಲ್ಲೆ ತರಾಕ ಬರ್ತಾನ. ಯಾರೂ ತಿರುಗಿ ನೋಡೂದಿಲ್ಲ."

ಎಲ್ಲರೂ ನಗುತ್ತಿದ್ದರು. ಕೆಂಪು ಮುಚ್ಚಳದ ಕಸದ ಡಬ್ಬಿ, ಹಳದಿ ಮುಚ್ಚಳದ ಡಬ್ಬಿ, ತಪ್ಪು ಡಬ್ಬಿಯಲ್ಲಿ ಹಾಕಿದರೆ ಪಕ್ಕದ ಮನೆಯ ಮುದುಕಿ ಬರೆದಿಡುವ ಚೀಟಿ, ನನ್ನ ಹೆಂಡತಿ ಹಾಕಿದ ಒಗ್ಗರಣೆಗೆ ಅದೇ ಮುದುಕಿ ಕಿಟಕಿ ಮುಚ್ಚಿಕೊಳ್ಳುವುದು, ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದೆ. ಒಂದು ದಿನ ಚರ್ಚಿನ ಮಾತು ಬಂತು. ನಮ್ಮ ಶೆಡ್ಡಿನ ಹತ್ತಿರ ಒಂದು ಹಳೆಯ ಚರ್ಚು ಮಾರಾಟಕ್ಕಿತ್ತು, ಈಗ ಅದರಲ್ಲಿ ಗಂಡ ಹೆಂಡತಿ ಸಂಸಾರ ಮಾಡಿಕೊಂಡಿದ್ದಾರೆ, ದೇವರಿದ್ದ ಜಾಗದಲ್ಲಿ ಅಡುಗೆಮನೆ ಕಟ್ಟಿದ್ದಾರೆ ಅಂತ ಹೇಳಿದೆ. ದಸ್ತಗೀರನ ಮಷೀನು ನಿಂತಿತು.

"ಜಗಳ ಆಗಲಿಲ್ಲೇನು?"

"ಯಾರ ಮಾಡ್ಬೇಕು? ಬರಾವ್ರ ಇಲ್ಲ, ಮಾರ್ಯಾರ."

"ಹಂಗಾದ್ರ ಅದು ಚಲೋ ಊರೋ, ಕೆಟ್ಟ ಊರೋ?" ಅಂದ ಅವನು. "ನನಗ ತಿಳೀವಲ್ದು ನೋಡು."

ನನಗೂ ತಿಳಿದಿರಲಿಲ್ಲ. ಆದರೆ ನಾನು ತಿಳಿದವನಂತೆ ತಲೆ ಆಡಿಸಿದೆ.

ಆ ದಿನಗಳಲ್ಲಿ ಅವನು ಖುಷಿಯಲ್ಲಿದ್ದ. ಪಕ್ಕದ ನಾಲ್ಕನೇ ಗಾಳಾ ಖಾಲಿಯಾಗಿತ್ತು. ಅವನ ಅಳಿಯ ಅದರಲ್ಲಿ ರೆಡಿಮೇಡ್ ಯೂನಿಫಾರ್ಮಿನ ಅಂಗಡಿ ಇಡುವವನಿದ್ದ. ಅಣ್ಣ ಹೂಂ ಅಂದಿದ್ದ. "ನಡುವಿನ ಗೋಡ್ಯಾಗ ಒಂದ ಬಾಗಲಾ ತಗದ್ರ ನಾ ಹೊಲ್ಯೂದು, ಅಂವ ಮಾರೂದು," ಅಂತ ಅವನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬಾಗಿಲಿನ ಅಳತೆ ಬರೆದೂ ಇಟ್ಟಿದ್ದ.

ಐದನೇ ಗಾಳಾದಲ್ಲಿ ಪ್ರವೀಣನ ಮೊಬೈಲ್ ಅಂಗಡಿ. ಮೂವತ್ತರ ಆಸುಪಾಸಿನವನು, ಚುರುಕು. ಫೋನಿನಲ್ಲಿ ಸುತ್ತಲ ಊರುಗಳ ಸುದ್ದಿಯ ಚಾನೆಲ್ ನಡೆಸುತ್ತಿದ್ದ. ಕೊಗನೊಳ್ಳಿಯಿಂದ ರಾಯಬಾಗದವರೆಗೆ ಅದನ್ನು ನೋಡುವವರಿದ್ದರು. ಜೂನ್ ಕೊನೆಯ ಒಂದು ಬೆಳಿಗ್ಗೆ, ಮಳೆ ಹಿಡಿದು ಮೂರು ದಿನವಾಗಿತ್ತು, ಅವನು ಫೋನನ್ನು ಕೋಲಿಗೆ ಸಿಕ್ಕಿಸಿಕೊಂಡು ಬಂದ.

"ಅಣ್ಣಾರ, ನಮ್ಮ ಮಂದಿಗೆ ಆಸ್ಟ್ರೇಲಿಯಾ ಬಗ್ಗೆ ಒಂದ ಹತ್ತ ಮಿನಿಟ ಹೇಳ್ರಿ."

ನನ್ನನ್ನು ಹಿಡಿಯುವವರು ಯಾರು? ಕೂದಲು ಸರಿಮಾಡಿಕೊಂಡು ಕೂತೆ. ಓಟು, ಚಡ್ಡಿ ಹಾಕಿದ ಮಂತ್ರಿ, ಕಸದ ಡಬ್ಬಿ ಎಲ್ಲ ಆಯಿತು. ಬಾಗಿಲಲ್ಲಿ ಏಳೆಂಟು ಜನ ಸೇರಿದ್ದರು. ದಸ್ತಗೀರ ನನ್ನಿಂದ ಎರಡು ಮೊಳ ದೂರದಲ್ಲಿ ಕಾಲರ್ ಹಚ್ಚುತ್ತ ಕೂತಿದ್ದ. ಆಗ ಪ್ರವೀಣ ಕೇಳಿದ.

"ಅಲ್ಲಿ ಮುಸಲ್ಮಾನ ಮಂದಿ ಅದಾರೇನ್ರಿ?"

"ಅದಾರಲ್ಲ, ಬೇಕಾದಷ್ಟು," ಅಂದೆ. "ನಾ ಹೋದಾಗ ಅಲ್ಲಿ ನಾ ಇರೂ ಊರಿನ ಬಜಾರದಾಗ ಅವರದು ಒಂದ ಅಂಗಡಿ ಇತ್ತು. ಈಗ ನೋಡ್ರಿ, ಇಡೀ ಓಣಿನ ಅವರದು. ಒಬ್ಬಂವಗ ಜಾಗಾ ಕೊಟ್ರ ಸಾಕು, ಹಿಂದ ಹತ್ತ ಮಂದಿ ನಿಂತಿರ್ತಾರ. ಬಿಳಿ ಮಂದಿಗೆ ಈಗ ಬುದ್ಧಿ ಬರಾಕತ್ತೈತಿ."

ಎಲ್ಲರೂ ನಕ್ಕರು. ದಸ್ತಗೀರನೂ ನಕ್ಕ. ಆಮೇಲೆ ನಾನು ಚಳಿಯ ಬಗ್ಗೆ ಏನೋ ಹೇಳಿದೆ. ಮಾತು ಮುಗಿಯಿತು, ಚಹಾ ಬಂತು, ಎಲ್ಲರೂ ಕುಡಿದೆವು.

ಮರುದಿನ ಹತ್ತು ನಿಮಿಷದ ಮಾತಿನಲ್ಲಿ ಚಾನೆಲ್ಲಿಗೆ ಬಂದದ್ದು ಅರ್ಧ ನಿಮಿಷ. ಆ ಅರ್ಧ ನಿಮಿಷ ಯಾವುದು ಅಂತ ಹೇಳಬೇಕಿಲ್ಲ.

ಮೂರು ದಿನ ಕಳೆದ ಮೇಲೆ ಅವ್ವನ ಔಷಧಿಗೆಂದು ನಿಪ್ಪಾಣಿಗೆ ಹೋದೆ. ಬಸ್ಸಿನಲ್ಲಿ ಹಿಂದಿನ ಸೀಟಿನವನ ಫೋನಿನಿಂದ ನನ್ನದೇ ದನಿ ಕೇಳಿತು. ಬಸ್‌ಸ್ಟ್ಯಾಂಡಿನ ಹೊರಗೆ ಚಹಾದಂಗಡಿಯಲ್ಲಿ ಮತ್ತೆ ಕೇಳಿತು. ನಾನು ಹೋದಲ್ಲೆಲ್ಲ ನನ್ನ ದನಿ ನನಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಔಷಧಿ ಅಂಗಡಿಯವನು ಕನ್ನಡಕ ಏರಿಸಿ ನನ್ನನ್ನೇ ನೋಡಿ, "ನೀವ ಅಲ್ಲೇನ್ರಿ ಆಸ್ಟ್ರೇಲಿಯಾದವ್ರು? ಏಕದಂ ಬರೋಬರ್ ಹೇಳಿದ್ರಿ," ಅಂದ. ಪಕ್ಕದಲ್ಲಿದ್ದವನು ಕೈ ಕುಲುಕಿದ. ಹೇಳಲು ನಾಚಿಕೆಯಾಗುತ್ತದೆ, ಆ ಕ್ಷಣ ನನಗೆ ಖುಷಿಯಾಯಿತು. ಹನ್ನೆರಡು ವರ್ಷ ಪರದೇಶದಲ್ಲಿ ಡಬ್ಬಿ ಎತ್ತಿ ಇಳಿಸಿದವನನ್ನು ಮೊದಲ ಸಲ ಯಾರೋ ಗುರುತು ಹಿಡಿದಿದ್ದರು. ಮನೆಗೆ ಬರುವಾಗ ಒಂದು ಕಿಲೋ ಪೇಡೆ ತಂದೆ.

ಪೇಡೆಯ ಪೊಟ್ಟಣ ಹಿಡಿದುಕೊಂಡೇ ದಸ್ತಗೀರನ ಅಂಗಡಿಗೆ ಹೋದೆ. ಅಲ್ಲಿ ಒಬ್ಬ ಹೆಂಗಸು ನಿಂತಿದ್ದಳು.

"ಹೊಲ್ಯೂದು ಬ್ಯಾಡ್ರಿ, ನಮ್ಮ ಅರಿವಿ ಕೊಡ್ರಿ."

"ನಾಳಿ ಕೊಡ್ತೀನಲ್ರಿ ಅಕ್ಕಾರ. ಕತ್ತರಿಗೆ ತಗದಿಟ್ಟೀನಿ."

"ಬ್ಯಾಡ್ರಿ. ನಮ್ಮ ಮನಿಯವ್ರು ಹೇಳ್ಯಾರ."

ಅವನು ಗಂಟು ಹುಡುಕಿ ಕೊಟ್ಟ. ಅವಳು ಅವನ ಮುಖ ನೋಡದೆ ಹೋದಳು. ಗೋಡೆಯ ಪಕ್ಕದ ರಾಶಿ ನನ್ನ ಕಣ್ಣಿಗೆ ಬಿತ್ತು. ಎದೆಮಟ್ಟ ಇದ್ದದ್ದು ಮೊಣಕಾಲಿಗೆ ಇಳಿದಿತ್ತು. ಬಿಚ್ಚಿದ ಚೀಟಿಗಳನ್ನು ಅವನು ಎಸೆದಿರಲಿಲ್ಲ, ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದ.

"ಏನೋ ಇದು?" ಅಂತ ಕೇಳಿದೆ.

"ಏನಿಲ್ರಿ. ಮಳಿ ಅಲ್ಲ, ತಡಾ ಆಗತೈತಿ ಅಂತ ಬ್ಯಾರೆ ಕಡೆ ಕೊಡಾಕತ್ತಾರ," ಅಂದ. "ಕೂಡ್ರಿ ಬಾಳಾಸಾಹೇಬ್ರ."

ನಲವತ್ತು ವರ್ಷದಲ್ಲಿ ಅವನ ಬಾಯಿಂದ ನನ್ನ ಪೂರ್ತಿ ಹೆಸರು ನಾನು ಕೇಳಿದ್ದು ಅದೇ ಮೊದಲು. ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡು ಬೆನ್ನಿಗೆ ಗುದ್ದಿದೆ. ಅವನು ನಗಲಿಲ್ಲ. ಪೇಡೆಯನ್ನು ಎರಡೂ ಕೈಯಿಂದ ತಗೊಂಡು ಪಕ್ಕಕ್ಕಿಟ್ಟ.

ಜುಲೈ ಬಂತು. ಮಳೆ ನಿಲ್ಲಲಿಲ್ಲ. ಘಟ್ಟದ ಕಡೆ ಜೋರು ಅಂತ ಸುದ್ದಿ ಬರುತ್ತಿತ್ತು, ದೂಧಗಂಗೆ ದಿನಕ್ಕೊಂದು ಮೆಟ್ಟಿಲು ಏರುತ್ತಿತ್ತು. ದತ್ತವಾಡದ ಹಾದಿಯ ಸೇತುವೆ ಮುಳುಗಿ ಆಚೆಯ ಮಹಾರಾಷ್ಟ್ರದ ಹಳ್ಳಿಗಳಿಗೆ ಹೋಗುವುದು ನಿಂತಿತು. ಜನ ಕೊಡೆ ಹಿಡಿದು ನೀರು ನೋಡಲು ಹೋಗಿ, ಬರುವಾಗ ನಮ್ಮ ಗಾಳಾಗಳ ಮುಂದೆ ಸ್ವಲ್ಪ ನಿಂತು ಹೋಗುತ್ತಿದ್ದರು. ಖಾಲಿ ನಾಲ್ಕನೇ ಗಾಳಾವನ್ನು ನೋಡುತ್ತಿದ್ದರು, ದಸ್ತಗೀರನನ್ನು ನೋಡುತ್ತಿದ್ದರು, ಹೋಗುತ್ತಿದ್ದರು. ಒಬ್ಬರು ಅಣ್ಣನಿಗೆ, "ನಿಮ್ಮ ತಮ್ಮನ ಹೇಳ್ಯಾನಲ್ರಿ, ಮೊದಲ ಒಂದು, ಆಮ್ಯಾಗ ಓಣಿ. ನೀವು ಎರಡನೇದೂ ಕೊಡಾಕ ಹೊಂಟೀರಿ," ಅಂದರಂತೆ. ಅಣ್ಣ ದಸ್ತಗೀರನ ಅಳಿಯನಿಗೆ ನಾಲ್ಕನೇ ಗಾಳಾ ಇಲ್ಲ ಅಂದ. ದಸ್ತಗೀರ ಒದ್ದೆ ಬಟ್ಟೆಯಿಂದ ಗೋಡೆಯ ಮೇಲಿನ ಸೀಮೆಸುಣ್ಣ ಒರೆಸಿದ್ದನ್ನು ನಾನೇ ನೋಡಿದೆ.

ಆ ವಾರ ಮೊಹರಂ. ನಮ್ಮ ಮನೆಗೂ ಅವರ ಮನೆಗೂ ಒಂದು ಪದ್ಧತಿ ಇತ್ತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಅವ್ವ ಒಂದಗುಳು ಮುಟ್ಟುವುದಿಲ್ಲ. ಅದಕ್ಕೆ ದಸ್ತಗೀರನ ಮನೆಯಲ್ಲಿ ಮೊಹರಮ್ಮಿನ ಚೋಂಗೆ ಮಾಡುವಾಗ ಮೊದಲ ಒಬ್ಬೆ ನಮ್ಮದು. ನಮ್ಮ ಮನೆಗೆಂದೇ ಬೇರೆ ಇಟ್ಟ ಹಿತ್ತಾಳೆ ಪರಾತದಲ್ಲಿ ಗೋದಿ ಹಿಟ್ಟು ನಾದಿ, ಅಚ್ಚೊತ್ತಿ, ಬೇಯಿಸಿ, ಬೆಲ್ಲ ಸುರಿದು, ಹೊತ್ತಿರುವಾಗಲೇ ಅವನ ಹೆಂಡತಿ ತಂದುಕೊಡುತ್ತಿದ್ದಳು. ಅವ್ವ ಒಂದನ್ನು ಅಲ್ಲೇ ತಿಂದು ನೀರು ಕುಡಿದು, "ಬೆಲ್ಲ ಕಡಿಮಿ ಆತ ನೋಡ ಈ ಸಲ," ಅಂತ ತಪ್ಪು ಹುಡುಕುತ್ತಿದ್ದಳು. ಪ್ರತಿ ವರ್ಷ ಅದೇ ತಪ್ಪು.

ಆ ಸಂಜೆ ಅವ್ವ ನಾಲ್ಕು ಗಂಟೆಗೇ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಳು. ಮೋಡ ಕವಿದು ಸೂರ್ಯ ಎಲ್ಲಿದ್ದಾನೆಂದು ತಿಳಿಯದೆ ಗಡಿಯಾರ ಕೇಳುತ್ತಿದ್ದಳು. ಆರಾಯಿತು. ಆರೂವರೆಯಾಯಿತು. ಅತ್ತಿಗೆ ಊಟಕ್ಕೆ ಕರೆದರೂ ಏಳಲಿಲ್ಲ. ಏಳು ಗಂಟೆಗೆ ಹಾದಿ ಕಪ್ಪಾಯಿತು.

"ಬರ್ಲಿಲ್ಲ," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀ ಖರೇನ ಹಂಗ ಅಂದ್ಯೇನು?"

"ಇಲ್ಲವ್ವ," ಅಂದೆ. "ನಾ ಬ್ಯಾರೇನ ಹೇಳಿದ್ದೆ. ಹಿಂದಿಂದು ಮುಂದಿಂದು ಕಟ್ ಮಾಡ್ಯಾರ."

ಹಾಗೆ ನನ್ನ ಸುಳ್ಳು ಹುಟ್ಟಿತು. ಅವ್ವ ಕೂಡಲೇ ನಂಬಿದಳು. "ಹಂಗಾದ್ರ ಅವಂಗ ಹೋಗಿ ಹೇಳು," ಅಂದಳು. ಅವನು ಅಲ್ಲೇ ಕೂತು ಕೇಳಿದ್ದ ಅಂತ ಅವಳಿಗೆ ಗೊತ್ತಿರಲಿಲ್ಲ. ಅವಳು ಅಂದು ಉಪವಾಸ ಮಲಗಿದಳು.

ಆ ಮಾತನ್ನು ನಾನು ಎಲ್ಲಿ ಕಲಿತಿದ್ದೆ ಅಂತ ಈಗ ಹೇಳುತ್ತೇನೆ. ಶೆಡ್ಡಿನ ಚಹಾ ಕೋಣೆಯಲ್ಲಿ, ನಮ್ಮ ಫೋರ್‌ಮನ್ನಿನ ಬಾಯಿಂದ. ಒಳ್ಳೆಯ ಮನುಷ್ಯ, ನನ್ನ ಮಗಳು ಹುಟ್ಟಿದಾಗ ತೊಟ್ಟಿಲು ತಂದುಕೊಟ್ಟವನು. ಅವನು ಒಂದು ದಿನ ಬಿಸ್ಕೀಟು ತಿನ್ನುತ್ತ, ಮೊದಲು ಒಬ್ಬ ಇಂಡಿಯನ್ನಿಗೆ ಕೆಲಸ ಕೊಟ್ಟೆವು, ಈಗ ಶೆಡ್ಡೇ ಅವರದು, ಅಂದಿದ್ದ. ಆ ಒಬ್ಬ ನಾನೇ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗದಿದ್ದರೆ ನಾಳೆ ಹೇಗೆ ಅಂತ ನಕ್ಕೆ. ಅದೇ ಮಾತನ್ನು ಇಡಿಯಾಗಿ ಎತ್ತಿಕೊಂಡು ಬಂದು ಏಕಸಂಬಿಯಲ್ಲಿ ಬೇರೆಯವರ ಮೇಲೆ ಹಾಕಿದೆ. ಆಸ್ಟ್ರೇಲಿಯಾದಿಂದ ನಾನು ಊರಿಗೆ ತಂದ ಸಾಮಾನಿನಲ್ಲಿ ಖರ್ಚಾದದ್ದು ಅದೊಂದೇ. ಇಲ್ಲಿಯ ಬಜಾರದ ಓಣಿಯಲ್ಲಿ ಆ ಅಂಗಡಿಗಳು ಎಷ್ಟಿವೆ ಅಂತ ನಾನು ಎಂದೂ ನೋಡಿಲ್ಲ.

ಸುಳ್ಳು ಮಾತ್ರ ಚೆನ್ನಾಗಿ ನಡೆಯಿತು. ಅಣ್ಣನಿಗೆ ಹೇಳಿದೆ, ಅತ್ತಿಗೆಗೆ ಹೇಳಿದೆ, ಫೋನು ಮಾಡಿ ಹೆಂಡತಿಗೆ ಹೇಳಿದೆ. ಹೇಳಿ ಹೇಳಿ ನನಗೂ ಹಾಗೇ ಅನ್ನಿಸತೊಡಗಿತು.

ಮೊಹರಂ ಮುಗಿದು ನಾಲ್ಕನೇ ದಿನ ಬೆಳಿಗ್ಗೆ ದಸ್ತಗೀರನ ಶಟರಿಗೆ ಎರಡು ಬೀಗಗಳಿದ್ದವು. ಒಂದು ಅವನು ಹಿಂದಿನ ಸಂಜೆ ಹಾಕಿಹೋದದ್ದು. ಅದರ ಮೇಲೆ ಇನ್ನೊಂದು, ಹೊಸದು, ದೊಡ್ಡದು. ಅದನ್ನು ಯಾರು ಹಾಕಿದರೋ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅಂತ ಎಲ್ಲರೂ ಕೇಳುವ ಮೊದಲೇ ಹೇಳುತ್ತಿದ್ದರು. ದಸ್ತಗೀರ ತನ್ನ ಕೀಲಿಕೈ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಮಳೆ ಓರೆಯಾಗಿ ಬೀಳುತ್ತಿತ್ತು, ಅವನ ಅಂಗಿಯ ಒಂದು ಬದಿ ಪೂರ್ತಿ ತೊಯ್ದಿತ್ತು. ಯಾರೂ ಬೈಯಲಿಲ್ಲ, ಯಾರೂ ಕಲ್ಲು ಎತ್ತಲಿಲ್ಲ. ಹಾಲಿನವನು ಹಾಲು ಹಾಕಿ ಹೋದ, ಬಸ್ಸು ಬಂದು ಹೋಯಿತು. ನನಗೆ ಜೀವಮಾನದಲ್ಲಿ ಅಷ್ಟು ಹೆದರಿಕೆ ಆದದ್ದಿಲ್ಲ.

"ಸುತ್ತಿಗಿ ತರ್ತೀನಿ, ಒಡದ ಬಿಡೂನು," ಅಂದೆ.

ಅಣ್ಣ ನನ್ನ ರೆಟ್ಟೆ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದ. "ನೀ ಹೋಗಾಂವ. ನಾ ಇಲ್ಲೇ ಇರಾಂವ. ಸುಮ್ನ ಮನಿಗೆ ನಡಿ."

ಹನ್ನೊಂದಕ್ಕೆ ಒಬ್ಬ ಪೊಲೀಸ್ ಬಂದ. ಅವನು ಬಂದದ್ದು ಬೀಗಕ್ಕಾಗಿ ಅಲ್ಲ, ನನಗಾಗಿ. ಆ ಅರ್ಧ ನಿಮಿಷದ ಮಾತಿನ ಮೇಲೆ ಚಿಕ್ಕೋಡಿ ಕಡೆಯವರು ಯಾರೋ ದೂರು ಕೊಟ್ಟಿದ್ದರು. ನಾನು, ಪ್ರವೀಣ, ದಸ್ತಗೀರ ಮೂವರೂ ಠಾಣೆಗೆ ಬರಬೇಕೆಂದ. ಬೀಗ ನೋಡಿ, ಯಾರದೆಂದು ಕೇಳಿ, ತಾನೇ ನಿಂತು ಒಡೆಸಿದ. ದಸ್ತಗೀರ ಒಳಗೆ ಹೋಗಿ ಒಣ ಅಂಗಿ ಹಾಕಿಕೊಂಡು ಬಂದ.

ಠಾಣೆಯಲ್ಲಿ ಅಧಿಕಾರಿ ಸಮಾಧಾನದ ಮನುಷ್ಯ. ನನ್ನ ಪಾಸ್‌ಪೋರ್ಟಿನ ಪುಟ ತಿರುವುತ್ತ, "ಟಿಕೆಟ್ ಯಾವಾಗ ಐತ್ರಿ?" ಅಂದರು. ಹತ್ತು ದಿನ ಅಂದೆ. "ಕೇಸ್ ಆದ್ರ ಹೋಗೂದ ಆಗಾಕಿಲ್ಲ. ತಿಳೀತಲ್ಲ? ಈಗ ಹೇಳ್ರಿ, ಈ ಮಾತ ನಿಮ್ಮದೋ ಅಲ್ಲೋ?"

ನನಗೆ ಶೆಡ್ಡು, ಮನೆ, ಇಸ್ಕೂಲಿಗೆ ಹೋಗುವ ಮಗಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. "ದನಿ ನಂದರಿ," ಅಂದೆ. "ಆದ್ರ ಕಟ್ ಮಾಡ್ಯಾರ್ರಿ. ನಾ ಅಂದದ್ದು ಬ್ಯಾರೆ."

"ಸುಳ್ರಿ ಸಾಹೇಬ್ರ!" ಪ್ರವೀಣ ಎದ್ದು ನಿಂತ. "ಅವರು ಅಂದದ್ದ ಹಾಕೀನ್ರಿ, ಒಂದ ಅಕ್ಷರ ಮುಟ್ಟಿಲ್ರಿ."

"ಪೂರ್ತಿ ಎಲ್ಲೈತಿ?"

ಪೂರ್ತಿ ಇರಲಿಲ್ಲ. ಫೋನಿನಲ್ಲಿ ಜಾಗ ಸಾಲದೆ ಅಳಿಸಿಬಿಟ್ಟಿದ್ದ. ಅಂದು ಬಾಗಿಲಲ್ಲಿ ನಿಂತಿದ್ದ ಏಳೆಂಟು ಜನರ ಹೆಸರು ಕೇಳಿದರೆ ಪ್ರವೀಣನೂ ನೆನಪಿಲ್ಲ ಅಂದ. ಅಧಿಕಾರಿ ದಸ್ತಗೀರನ ಕಡೆ ತಿರುಗಿದರು.

"ನೀವ ಅಲ್ಲೇ ಕೂತಿದ್ರಿ. ಮನಸ್ಸಿಗೆ ಹತ್ತೂದಿದ್ರ ನಿಮಗ ಹತ್ತಬೇಕು. ಇವ್ರು ಹಿಂಗ ಅಂದ್ರೋ, ಇಲ್ಲೋ?"

ಹೊರಗೆ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ದಸ್ತಗೀರ ನನ್ನನ್ನು ನೋಡಲಿಲ್ಲ, ಪ್ರವೀಣನನ್ನೂ ನೋಡಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಅಣ್ಣನ ಕಡೆ ಒಮ್ಮೆ ನೋಡಿದ.

"ಇಲ್ರಿ ಸಾಹೇಬ್ರ," ಅಂದ. "ಅವ್ರು ಹಂಗ ಅಂದಿಲ್ರಿ. ಮಾತ ಕತ್ತರಿಸ್ಯಾರ್ರಿ."

ಅಷ್ಟೇ. ಪ್ರವೀಣನಿಂದ ಮುಚ್ಚಳಿಕೆ ಬರೆಸಿಕೊಂಡು, ಆ ವಿಡಿಯೋ ತೆಗೆಸಿ ಎಲ್ಲರನ್ನೂ ಕಳಿಸಿದರು. ಹೊರಗೆ ಬಂದಾಗ ಪ್ರವೀಣ ನನ್ನ ಮುಂದೆ ಬಂದು ನಿಂತ. ಅವನ ಕಣ್ಣಲ್ಲಿ ನೀರಿತ್ತು. "ನನ್ನ ಸುಳ್ಳ ಮಾಡಿದ್ರಿ ಅಣ್ಣಾರ," ಅಂದ. ನಾನು ಕಾರು ಹತ್ತಿದೆ. ದಸ್ತಗೀರ ಕಾರು ಹತ್ತಲಿಲ್ಲ, ನಡೆದುಕೊಂಡು ಬರುತ್ತೇನೆ ಅಂದ.

ಮಗ ಪಾರಾದ ಅಂತ ಅವ್ವ ಬಸದಿಗೆ ತುಪ್ಪದ ದೀಪ ಹೇಳಿಕೊಂಡಳು. ನನಗೆ ಎದೆ ತುಂಬಿ ಬಂದಿತ್ತು. ಹಳೆಯ ಗೆಳೆಯ ನನ್ನನ್ನು ಕ್ಷಮಿಸಿದ, ಕ್ಷಮಿಸಿದ್ದಷ್ಟೇ ಅಲ್ಲ, ನನಗಾಗಿ ಠಾಣೆಯಲ್ಲಿ ಸುಳ್ಳು ಹೇಳಿದ ಅಂತ ಮತ್ತೆ 'ಬಾಳ್ಯಾ' ಅನ್ನಿಸಿಕೊಳ್ಳುವ ಕನಸು ಕಂಡೆ. ಮರುದಿನ ಊಟಕ್ಕೆ ಕೂತಾಗ ಅಣ್ಣ, "ಮಳಿಗಾಲ ಮುಗೀಯೂದ್ರಾಗ ದಸ್ತಗೀರಗ ಗಾಳಾ ಬಿಡಂತ ಹೇಳೀನಿ," ಅಂದ.

"ಅಂವ ನನ್ನ ಉಳಿಸ್ಯಾನ ಅಣ್ಣಾ."

"ಅದಕ್ಕ ಹೇಳಾಕತ್ತೀನಿ. ಇನ್ನ ಅವನ ಮ್ಯಾಲ ಮಂದಿ ಕಣ್ಣ ಜಾಸ್ತಿ. ಇವತ್ತ ಕೀಲಿ ಹಾಕ್ಯಾರ, ನಾಳಿ ಬೆಂಕಿ ಹಚ್ಚಿದ್ರ ನಮ್ಮ ಐದೂ ಗಾಳಾ ಹೋಗ್ತಾವು. ಅವಂಗೂ ಚಲೋ, ನಮಗೂ ಚಲೋ."

ನಾನು ಜಗಳ ಮಾಡಬಹುದಿತ್ತು. ಆಸ್ತಿಯಲ್ಲಿ ನನಗೂ ಪಾಲಿದೆ. ನಾನು ಮಾಡಲಿಲ್ಲ. ಇನ್ನು ಒಂಬತ್ತು ದಿನ, ಆಮೇಲೆ ವಿಮಾನ, ಅಂತ ಲೆಕ್ಕ ಹಾಕುತ್ತಿದ್ದೆ.

ಹೊರಡುವ ದಿನ ಬೆಳಿಗ್ಗೆ, ಕೊಲ್ಲಾಪುರದ ಕಡೆ ಹೋಗುವ ಕಾರು ಮನೆ ಮುಂದೆ ನಿಂತಾಗ, ಮೂರನೇ ಗಾಳಾಕ್ಕೆ ಹೋದೆ. ಅವನು ಮಷೀನಿನ ತಲೆ ಬಿಚ್ಚಿ ಗೋಣಿಯಲ್ಲಿ ಸುತ್ತುತ್ತಿದ್ದ. ಗೋಡೆಯ ಪಕ್ಕ ಒಂದೂ ಗಂಟಿರಲಿಲ್ಲ. ಅಳಿಯನ ಊರು ಕಾಗವಾಡ, ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಕೂಡಲು ಒಂದು ಮೂಲೆ ಸಿಕ್ಕಿದೆ ಅಂದ. ಮಳೆಗಾಲ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಆದರೂ ಅವನು ಕಾದಿರಲಿಲ್ಲ.

ನಾನು ರಾತ್ರಿಯಿಡೀ ಸಿದ್ಧ ಮಾಡಿಕೊಂಡು ಬಂದ ಮಾತು ಹೇಳಿದೆ. "ದಸ್ತಗೀರ, ನೀ ಅವತ್ತ ನನ್ನ ಸಲುವಾಗಿ ಸುಳ್ಳ ಹೇಳಿದಿ. ನಾ ಸಾಯೂತನಕ ಮರಿಯಾಂಗಿಲ್ಲ."

ಅವನು ಗೋಣಿಯ ಬಾಯಿ ದಬ್ಬಣದಿಂದ ಹೊಲಿಯುತ್ತಿದ್ದ. ಕೈ ನಿಲ್ಲಿಸಲಿಲ್ಲ.

"ನಿಮ್ಮ ಸಲುವಾಗಿ ಅಲ್ರಿ," ಅಂದ.

"ಮತ್ತ?"

"ನಾ ಖರೇ ಹೇಳಿದ್ರ ಪಾಟೀಲರ ಮನಿ ಮಗನ ಮ್ಯಾಲ ಕೇಸ್ ಆಗ್ತಿತ್ತು. ಆ ಮ್ಯಾಲ ನಾ ಎಲ್ಲಿ ಇರ್ಬೇಕಿತ್ರಿ? ಕಾಗವಾಡಕ್ಕೂ ಸುದ್ದಿ ಬರ್ತಿತ್ತು. ಪ್ರವೀಣಗ ಸಿಟ್ಟ ಬಂದೈತಿ, ಬರ್ಲಿ. ಅವಂದು ಒಂದ ಮನಿ. ನಿಮ್ಮದು ಅರ್ಧ ಊರು." ದಾರ ಹಲ್ಲಿನಿಂದ ಕಡಿದ. "ನಾ ಅಂಜಿ ಹೇಳೀನ್ರಿ."

ಅಣ್ಣ ಹೊರಗಿನಿಂದ ಹಾರ್ನ್ ಹೊಡೆಸಿದ. ನಾನು ಅಲ್ಲಾಡಲಿಲ್ಲ.

"ನನಗೂ ಅಂಜಿದೇನೋ?" ಅಂತ ಕೇಳಿದೆ. "ನಿನ್ನ ಬಾಜೂಕ ಕೂತ ಬಾಳ್ಯಾಗೂ?"

ಆಗ ಅವನು ತಲೆ ಎತ್ತಿ, ನಾನು ಆ ಮಾತು ಆಡಿದ ಮೇಲೆ ಮೊದಲ ಸಲ, ನನ್ನನ್ನು ನೇರವಾಗಿ ನೋಡಿದ.

"ಎಲ್ಲಾರಿಗಿಂತ ಮೊದಲ ನಿಮಗ್ರಿ," ಅಂದ.